ಫ್ಯಾನ್ ಆರಿಸಿ, ಅಜ್ಜಿ ಹಾಡ್ತಾಳೆ

ಎರಡು ವರ್ಷದ ಹಿಂದಿನ ಯುಗಾದಿ. ರಾತ್ರಿ ಬೆಂಗಳೂರಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವನು ಬೆಳಿಗ್ಗೆ ಕೊಪ್ಪಳದಲ್ಲಿ ಇಳಿದಾಗ ಬೆನ್ನಿಗೆ ಎರಡು ಬ್ಯಾಗು. ಒಂದರಲ್ಲಿ ಆಫೀಸಿನ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಬೋನಸ್ ದುಡ್ಡಲ್ಲಿ ಕೊಂಡ ಹೊಸ ಡಿಎಸ್‌ಎಲ್‌ಆರ್ ಕ್ಯಾಮೆರಾ. ಅಲ್ಲಿಂದ ಬಸ್ಸಲ್ಲಿ ಯಲಬುರ್ಗಾ ಹತ್ತಿರದ ನಮ್ಮಜ್ಜಿಯ ಊರು.

ಅಜ್ಜಿಗೆ ಒಂದು ಉದ್ದನೆಯ ಬೀಸುವ ಪದ ಗೊತ್ತು. ತವರು ಬಿಟ್ಟು ಹೋದ ಮಗಳೊಬ್ಬಳ ಕಥೆ. ಅದನ್ನು ಅವಳಿಗೆ ಕಲಿಸಿದ್ದು ಅವಳತ್ತೆ. ನಮ್ಮ ಮನೇಲಿ ಈಗ ಬೇರೆ ಯಾರಿಗೂ ಬರಲ್ಲ. ಇವತ್ತು ರೆಕಾರ್ಡ್ ಮಾಡೇ ಬಿಡೋಣ ಅಂತ ಅವಳನ್ನು ಪಡಸಾಲೆಯಲ್ಲಿ ಕೂರಿಸಿ, ಆರು ಅಡಿ ದೂರದಲ್ಲಿ ಟ್ರೈಪಾಡ್ ನಿಲ್ಲಿಸಿ, 22 ನಿಮಿಷ ಶೂಟ್ ಮಾಡಿದೆ. ಮೇಲೆ ಫ್ಯಾನ್ ತಿರುಗ್ತಿತ್ತು. ಅಡುಗೆಮನೇಲಿ ಹೋಳಿಗೆಗೆ ಬೇಳೆ ಬೇಯ್ತಿತ್ತು. ಆಗ ಅದ್ಯಾವುದೂ ನನ್ನ ಕಿವಿಗೆ ಬೀಳಲಿಲ್ಲ.

ಬೆಂಗಳೂರಿಗೆ ಬಂದು ಹೆಡ್‌ಫೋನ್ ಹಾಕಿಕೊಂಡಾಗ ಬಿತ್ತು. ಚಿತ್ರ ಅದ್ಭುತ. ಅಜ್ಜಿಯ ಮೂಗುತಿ ಹೊಳೆಯೋದು, ಮುಖದ ಒಂದೊಂದು ಗೆರೆ, ಎಲ್ಲ ಸ್ಪಷ್ಟ. ದನಿ ಮಾತ್ರ ಬಾವಿಯ ತಳದಿಂದ ಬಂದ ಹಾಗೆ. ಅದರ ಮೇಲೆ ಫ್ಯಾನಿನ ಗರಗರ, ಫೋಕಸ್ ಹುಡುಕುವ ಲೆನ್ಸ್ ಮೋಟಾರಿನ ಕಿರಿಕಿರಿ, ನಡುನಡುವೆ ಕುಕ್ಕರ್ ಸೀಟಿ. ಅಮ್ಮನಿಗೆ ಕಳಿಸಿದೆ. ಅಮ್ಮ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಮುಖ ಚಂದ ಬಂದೈತಿ. ಆದ್ರ ಅವ್ವನ ದನಿ ಎಲ್ಲೈತೋ?"

ತಪ್ಪು ಎಲ್ಲಾಯ್ತು?

ನನ್ನ ತಲೆಗೆ ಮೊದಲು ಬಂದ ಉತ್ತರ, "ಇನ್ನೂ ದುಬಾರಿ ಮೈಕ್ ಬೇಕು" ಅಂತ. ಅದು ತಪ್ಪು ಉತ್ತರ. ಸಮಸ್ಯೆ ಇದ್ದದ್ದು ದೂರದಲ್ಲಿ.

ಬಾಯಿಂದ ಮೈಕಿನ ದೂರ ಎರಡು ಪಟ್ಟಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆರು ಅಡಿಯಲ್ಲಿರೋ ಮೈಕನ್ನು ಒಂಬತ್ತು ಇಂಚಿಗೆ ತಂದರೆ ದೂರ ಎಂಟನೇ ಒಂದು ಪಾಲು. ಅಂದರೆ 18 ಡೆಸಿಬೆಲ್ ಲಾಭ. ಫ್ಯಾನಿನ ಸದ್ದು ಇದ್ದಷ್ಟೇ ಇರುತ್ತದೆ, ಅಜ್ಜಿಯ ದನಿ ಮಾತ್ರ ಅದರ ಮೇಲೆ ಏಳುತ್ತದೆ. ಎಷ್ಟೇ ದುಡ್ಡು ಕೊಟ್ಟ ಮೈಕನ್ನೂ ಕ್ಯಾಮೆರಾ ನೆತ್ತಿಯ ಮೇಲೇ ಇಟ್ಟರೆ ಈ ಲಾಭ ಸಿಗಲ್ಲ. ಚಿತ್ರಕ್ಕೆ ಜೂಮ್ ಇದೆ, ದನಿಗಿಲ್ಲ. ದನಿ ಬೇಕೆಂದರೆ ನಾವೇ ಹತ್ತಿರ ಹೋಗಬೇಕು.

ಇನ್ನೊಂದು ಕಳ್ಳ ಕ್ಯಾಮೆರಾ ಒಳಗೇ ಇರ್ತಾನೆ: ಆಟೋ ಗೇನ್. ಅಜ್ಜಿ ಉಸಿರು ತಗೊಳ್ಳೋಕೆ ನಿಂತಾಗಲೆಲ್ಲ ಕ್ಯಾಮೆರಾ "ಸದ್ದು ಕಮ್ಮಿ ಆಯ್ತು" ಅಂತ ತಾನೇ ಸೆನ್ಸಿಟಿವಿಟಿ ಏರಿಸುತ್ತದೆ. ಆ ಖಾಲಿ ಜಾಗಕ್ಕೆಲ್ಲ ಫ್ಯಾನು, ಸುಂಯ್ ಅನ್ನೋ ಶಬ್ದ ಬಂದು ತುಂಬಿಕೊಳ್ಳುತ್ತೆ.

ಆಮೇಲೆ ಸಾಫ್ಟ್‌ವೇರಲ್ಲಿ ಸರಿ ಮಾಡ್ತೀನಿ ಅಂತ ನಾನೂ ಎರಡು ವೀಕೆಂಡ್ ಕಳೆದೆ. ಅಡಾಸಿಟಿ ಉಚಿತ, ಒಳ್ಳೇದು. ಫ್ಯಾನಿನ ತಳದ ಗುಂಯ್ ಅನ್ನೋದನ್ನು ಹೈಪಾಸ್ ಫಿಲ್ಟರ್ ಸ್ವಲ್ಪ ತೆಗೆಯಿತು. ಆದರೆ ದನಿ ಇರುವ ಫ್ರೀಕ್ವೆನ್ಸಿಯಲ್ಲೇ ಕೂತ ಗದ್ದಲ ತೆಗೆಯೋಕೆ ಹೋದರೆ ದನಿಯೂ ಅದರ ಜೊತೆ ಹೋಗುತ್ತದೆ. ಸಾರಿಗೆ ಬಿದ್ದ ಉಪ್ಪು ತೆಗೆದ ಹಾಗೆ. ಅಜ್ಜಿ ರೋಬೋ ಥರ ಹಾಡತೊಡಗಿದಳು. ಅಲ್ಲಿಗೆ ಕೈಬಿಟ್ಟೆ.

ಸಾವಿರ ರೂಪಾಯಿಯ ಲೆಕ್ಕ

ಹೋಗಲಿ, ಮುಂದಿನ ಸಲ ಮಾಡಿದರಾಯ್ತು ಅಂತ ಸುಮ್ಮನಿದ್ದೆ. ಮಳೆಗಾಲದಲ್ಲಿ ಅಜ್ಜಿ ಜ್ವರ ಬಂದು ಮಲಗಿದಳು. ಎದ್ದಳು, ಆದರೆ ಹೆಸರು ಮರೆಯತೊಡಗಿದಳು. ನನ್ನನ್ನು ಮಾವನ ಹೆಸರಿಂದ ಕರೆದಳು ಅಂತ ಅಮ್ಮ ನಗುತ್ತಾ ಹೇಳಿದಾಗ ನನಗೆ ನಗು ಬರಲಿಲ್ಲ. ದಸರಾಕ್ಕೆ ರಜೆ ಹಾಕಿದೆ.

ಊರಿಗೆ ಹೋಗೋ ದಾರಿಯಲ್ಲಿ ಗೆಳೆಯನ ಮನೆಗೆಂದು ಗಂಗಾವತಿಗೆ ಹೋದವನು ಅಲ್ಲೇ ಒಂದು ಮೊಬೈಲ್ ಅಂಗಡಿಯಲ್ಲಿ ಅಂಗಿಗೆ ಸಿಕ್ಕಿಸೋ ಕಾಲರ್ ಮೈಕ್ ತಗೊಂಡೆ. ಬೋಯಾ ಬಿವೈ-ಎಂ1 ತರಹದ್ದು, ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತೆ. ಆರು ಮೀಟರ್ ವೈರ್, ಒಂದು ಸಣ್ಣ ಎಲ್‌ಆರ್44 ಬ್ಯಾಟರಿ. ಅದರ ಡಬ್ಬಿ ಮೇಲೆ ಕ್ಯಾಮೆರಾ, ಫೋನ್ ಅಂತ ಒಂದು ಸ್ವಿಚ್ ಇರುತ್ತೆ. ತಪ್ಪು ಕಡೆ ಇಟ್ಟರೆ ಸದ್ದೇ ಬರಲ್ಲ ಇಲ್ಲವೇ ಕೆಟ್ಟದಾಗಿ ಬರುತ್ತೆ, ಮೈಕ್ ಹಾಳಾಗಿದೆ ಅಂದ್ಕೋಬೇಡಿ.

ಕೊಳ್ಳುವ ಮುಂಚೆ ನಿಮ್ಮ ಕ್ಯಾಮೆರಾಗೆ ಮೈಕ್ ತೂತು ಇದೆಯಾ ನೋಡಿ. ಕ್ಯಾನನ್ 200ಡಿ, ನಿಕಾನ್ ಡಿ5600 ಇವುಗಳಿಗೆ ಇದೆ. ಕ್ಯಾನನ್ 1500ಡಿ, ನಿಕಾನ್ ಡಿ3500 ಇವಕ್ಕಿಲ್ಲ. ಇಲ್ಲದಿದ್ದರೆ ಬೇಜಾರು ಬೇಡ, ನಿಮ್ಮ ಫೋನೇ ರೆಕಾರ್ಡರ್. ಫೋನಿಗೆ 3.5 ಎಂಎಂ ತೂತಿಲ್ಲದಿದ್ದರೆ ಮೈಕ್ ಸಪೋರ್ಟ್ ಮಾಡೋ ಟೈಪ್-ಸಿ ಕನ್ವರ್ಟರ್ ತಗೊಳ್ಳಿ.

ವಿಧಾನ ಸುಲಭ. ಮೈಕ್ ಫೋನಿಗೆ, ಫೋನ್ ಏರೋಪ್ಲೇನ್ ಮೋಡಿಗೆ. ವೇವ್ ಫೈಲ್ ಉಳಿಸೋ ರೆಕಾರ್ಡರ್ ಆ್ಯಪ್ ಇರಲಿ, 48 ಕಿಲೋಹರ್ಟ್ಸ್ ಇರಲಿ. ಕ್ಯಾಮೆರಾ ಮತ್ತು ಫೋನ್ ಎರಡನ್ನೂ ಶುರು ಮಾಡಿ, ಕ್ಯಾಮೆರಾ ಮುಂದೆ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಆ ಚಪ್ಪಾಳೆಯ ಮೊನೆ ಎರಡೂ ಕಡೆ ಕಾಣುತ್ತೆ, ಅದನ್ನು ಜೋಡಿಸಿದರೆ ತುಟಿ, ಮಾತು ಕೂಡುತ್ತವೆ. ಉಚಿತ ಡಾವಿಂಚಿ ರಿಸಾಲ್ವ್ ಈ ಜೋಡಣೆಯನ್ನು ತಾನೇ ಮಾಡುತ್ತೆ. ರೆಕಾರ್ಡಿಂಗ್ ಉದ್ದ ಇದ್ದರೆ ಎರಡರ ಗಡಿಯಾರ ಸ್ವಲ್ಪ ಸ್ವಲ್ಪ ಜಾರುತ್ತೆ, ಹಾಗಾಗಿ ಕೊನೆಗೂ ಒಂದು ಚಪ್ಪಾಳೆ ಇರಲಿ.

ನೇರ ಕ್ಯಾಮೆರಾಗೇ ಸಿಕ್ಕಿಸೋರು ಸೌಂಡ್ ರೆಕಾರ್ಡಿಂಗನ್ನು ಮ್ಯಾನ್ಯುಯಲ್‌ಗೆ ಹಾಕಿ. ಜೋರು ದನಿಗೆ ಮೀಟರ್ ಮೈನಸ್ 12ರ ಹತ್ತಿರ ಬಂದು ಹೋದರೆ ಸಾಕು. ಕೆಂಪು ಮುಟ್ಟಿದ ದನಿ ಒಡೆದಂತೆಯೇ, ಅದನ್ನು ಮತ್ತೆ ಜೋಡಿಸೋಕಾಗಲ್ಲ. ಕಡಿಮೆ ಬೆಲೆಯ ಬಾಡಿಗಳಲ್ಲಿ ಹೆಡ್‌ಫೋನ್ ತೂತು ಸಾಮಾನ್ಯವಾಗಿ ಇರಲ್ಲ. ಅದಕ್ಕೇ ಮೊದಲು ಅರ್ಧ ನಿಮಿಷ ಟೆಸ್ಟ್ ಮಾಡಿ, ಲ್ಯಾಪ್‌ಟಾಪಿಗೆ ಹಾಕಿ ಕೇಳಿ, ಆಮೇಲೆ ಅಸಲಿ ರೆಕಾರ್ಡಿಂಗ್. ಕೋಡ್ ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಬಿಡಲ್ಲ ತಾನೇ?

ಹಳೇ ಮನೆಯೇ ಸ್ಟುಡಿಯೋ

ಮಾವ ಕಟ್ಟಿಸಿದ ಹೊಸ ಆರ್‌ಸಿಸಿ ಮನೇಲಿ ಟೆಸ್ಟ್ ಮಾಡಿದೆ. ನುಣುಪು ಟೈಲ್ಸ್, ಬರಿ ಗೋಡೆ, ದನಿ ಡಬ್ಬಿಯೊಳಗೆ ಮಾತಾಡಿದ ಹಾಗೆ ಗೊಂಯ್ ಅಂತು. ಹಿಂದಿನ ಮಣ್ಣಿನ ಮನೆಗೆ ಹೋದರೆ ಅದೇ ಮೈಕ್, ಅದೇ ಫೋನ್, ಸದ್ದು ಬೆಣ್ಣೆ. ಒರಟು ಮಣ್ಣಿನ ಗೋಡೆ, ಕಟ್ಟಿಗೆ ಜಂತಿ, ಮೂಲೆಗೆ ಒಟ್ಟಿದ ಜೋಳದ ಚೀಲ, ಇವೆಲ್ಲ ಪ್ರತಿಧ್ವನಿಯನ್ನು ಮುರಿದು ನುಂಗುತ್ತವೆ. ನಿಮ್ಮನೇಲಿ ಅಂಥ ಕೋಣೆ ಇಲ್ಲವಾ? ಎರಡು ದಪ್ಪ ಕೌದಿ ಹಗ್ಗಕ್ಕೆ ಹಾಕಿ, ಮಾತಾಡುವವರ ಎದುರಿಗೊಂದು, ಬೆನ್ನ ಹಿಂದೊಂದು. ಫೋಮ್ ಪ್ಯಾನೆಲ್ ಕೊಳ್ಳೋ ದುಡ್ಡು ಉಳೀತು.

ಬಯಲಲ್ಲಿ ಮಾತ್ರ ಬೇರೆ ಪಾಠ. ಕುಷ್ಟಗಿ ಕಡೆ ಗೆಳೆಯನ ದಾಳಿಂಬೆ ತೋಟದಲ್ಲಿ ಒಮ್ಮೆ ಅವರಪ್ಪನ ಮಾತು ಹಿಡಿಯೋಕೆ ಹೋಗಿದ್ದೆ. ಆ ಗಾಳಿಗೆ ಮೈಕ್‌ನ ಸಣ್ಣ ಸ್ಪಂಜು ಏನೂ ಸಾಲಲಿಲ್ಲ, ಬರೀ ಬುರ್ ಬುರ್. ಕಡೆಗೆ ಅವರನ್ನು ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ, ಸ್ಪಂಜಿನ ಮೇಲೆ ಹಳೇ ಆಟಿಕೆ ಕರಡಿಯ ರೋಮದ ತುಂಡು ಸುತ್ತಿದಾಗ ಮಾತು ಕೇಳುವಂತಾಯ್ತು. ಮೈಕ್ ಅಂಗಿಗೆ ಉಜ್ಜದ ಹಾಗೆ ವೈರನ್ನು ಒಂದು ಸುತ್ತು ಮಡಚಿ ಟೇಪ್ ಹಾಕೋದು ಅಲ್ಲೇ ಕಲಿತದ್ದು.

ಬೆಳಗಿನ ಐದೂವರೆ

ಅಜ್ಜಿಗೆ ಹಾಡು ಅಂದರೆ, "ಈ ಹೊತ್ನ್ಯಾಗ ಯಾರ್ ಬೀಸ್ತಾರ? ನಸುಕಿನ್ಯಾಗ ಎಬ್ಬಿಸು" ಅಂದಳು. ಅವಳು ಹೇಳಿದ್ದೇ ಸರಿ. ಬೀಸುವ ಪದ ಹುಟ್ಟಿದ್ದೇ ಆ ಹೊತ್ತಿಗೆ. ಬೈಕ್ ಇಲ್ಲ, ಟಿವಿ ಇಲ್ಲ, ತಂಪಿರೋದರಿಂದ ಫ್ಯಾನ್ ಬೇಡ. ಫ್ರಿಜ್ಜಿನ ಸ್ವಿಚ್ ನಾನೇ ಆರಿಸಿದೆ. ಸೀರೆ ಸೆರಗಿಗೆ, ಗದ್ದದಿಂದ ಒಂದು ಗೇಣು ಕೆಳಗೆ, ಮೈಕ್ ಸಿಕ್ಕಿಸಿದೆ. "ಇದೇನೋ ಗುಬ್ಬಿ ಕುಂತಂಗ ಐತಿ" ಅಂತ ನಕ್ಕಳು.

ಐದಾರು ನುಡಿ ಹಾಡಿ ನಿಂತಳು. "ಮುಂದಿಂದು ನೆಪ್ಪಿಗೆ ಬರವಲ್ದು."

ಅಷ್ಟೊತ್ತು ಸುಮ್ಮನೆ ಕೂತೆವು. ಆಮೇಲೆ ಆ ಕೆಟ್ಟ ಯುಗಾದಿ ರೆಕಾರ್ಡಿಂಗ್ ಲ್ಯಾಪ್‌ಟಾಪಲ್ಲೇ ಇದೆ ಅನ್ನೋದು ಹೊಳೀತು. ಒಂದು ಇಯರ್‌ಫೋನ್ ಅವಳ ಕಿವಿಗಿಟ್ಟೆ. ಕಣ್ಣು ಮುಚ್ಚಿ ಕೇಳಿದಳು. ತನ್ನದೇ ದನಿಯ ಹಿಂದೆ ತಾನು ಹೋಗತೊಡಗಿದಳು. ಒಂದು ಕಡೆ ತಡೆದು, "ಇಲ್ಲಿ ನಾ ತಪ್ಪ ಹಾಡೀನಿ" ಅಂತ ಹೇಳಿ ತಿದ್ದಿ ಹಾಡಿದಳು. ಮುಗಿದ ಮೇಲೆ ಬೀಸುವ ಕಲ್ಲಿನ ಸದ್ದನ್ನು ಬೇರೆಯಾಗಿ ಎರಡು ನಿಮಿಷ, ಖಾಲಿ ಕೋಣೆಯ ಮೌನವನ್ನು ಅರ್ಧ ನಿಮಿಷ ತಗೊಂಡೆ. ಎಡಿಟ್‌ನಲ್ಲಿ ಹಾಡಿನ ಕೆಳಗೆ ಕಲ್ಲನ್ನು ಮೆಲ್ಲಗೆ ಸೇರಿಸಬಹುದು, ಕತ್ತರಿಸಿದ ಜಾಗಕ್ಕೆ ಆ ಮೌನ ತುಂಬಬಹುದು.

ಒಂದು ನುಡಿಯ ಎರಡು ಸಾಲು ಮಾತ್ರ ಸಿಗಲಿಲ್ಲ. ಹಳೇ ರೆಕಾರ್ಡಿಂಗ್‌ನಲ್ಲಿ ಅದೇ ಜಾಗಕ್ಕೆ ಕುಕ್ಕರ್ ಸೀಟಿ. ನಾಲ್ಕು ಸಲ ಹಾಕಿದೆ. ಅಜ್ಜಿ ತಲೆಯಾಡಿಸಿದಳು. ಆ ಎರಡು ಸಾಲು ಈಗ ಯಾರಿಗೂ ಗೊತ್ತಿಲ್ಲ.

ನಮ್ಮ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆ ಆಟದಲ್ಲಿ ಗೊಂಬೆ ಎಷ್ಟು ಮುಖ್ಯವೋ ಪರದೆ ಹಿಂದಿನ ಹಾಡು, ಮಾತೂ ಅಷ್ಟೇ ಮುಖ್ಯ. ಪ್ರಶಸ್ತಿ ಬರದ ಎಷ್ಟೋ ದನಿಗಳು ನಮ್ಮ ನಿಮ್ಮ ಮನೆಗಳಲ್ಲೂ ಇವೆ. ಊಟದ ಹೊತ್ತಿಗೆ ಕಥೆ ಹೇಳುವ ಅಜ್ಜ, ಜಾತ್ರೆಯ ಹಾಡು ಗೊತ್ತಿರೋ ದೊಡ್ಡಮ್ಮ.

ಈ ಸಲ ಊರಿಗೆ ಹೋದಾಗ ಕ್ಯಾಮೆರಾ ಇಲ್ಲದಿದ್ದರೂ ಪರವಾಗಿಲ್ಲ. ಫೋನನ್ನು ಅವರ ಹತ್ತಿರ ಇಡಿ, ಒಂದು ಗೇಣಿನಷ್ಟು ಹತ್ತಿರ. ಕುಕ್ಕರ್ ಇಳಿಸಿ ಅಂತ ಅಡುಗೆಮನೆಗೆ ಹೇಳಿ ಬನ್ನಿ. ಫ್ಯಾನ್ ಆರಿಸಿ. ಬೆವರಿದರೆ ಬೆವರಲಿ.