ಗಡಿ ಕಾಯುವವರು ಯಾರಿಗೆ ಉತ್ತರದಾಯಿಗಳು?

ಗಂಗಾವತಿ ತಾಲೂಕಿನ ಆನೆಗೊಂದಿಯ ಸಮೀಪ, ಅಂಜನಾದ್ರಿ ಬೆಟ್ಟದ ಬುಡದಲ್ಲಿ ಹನುಮನಹಳ್ಳಿ ಎಂಬ ಗ್ರಾಮವಿದೆ. ಎದುರಿಗೆ ತುಂಗಭದ್ರಾ, ನದಿಯಾಚೆ ಹಂಪಿ. ಇಂದು ಅಲ್ಲಿಗೆ ಬರುವ ಪ್ರವಾಸಿಗನಿಗೆ ಈ ನದಿ ಒಂದು ಸುಂದರ ನೋಟ ಮಾತ್ರ. ಆದರೆ 1948ರ ತನಕ ಇದೊಂದು ಗಡಿಯಾಗಿತ್ತು. ಈಚೆಯ ದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನ, ಆಚೆಯ ದಂಡೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಈಚೆ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ, ಆಚೆ ಕಂಪೆನಿ ರೂಪಾಯಿ. ಸರಕು ಸಾಗಿಸುವವನಿಗೆ ಕರೋಡಗಿರಿಯ ಸುಂಕದ ಕಾಟ. ಹರಿಗೋಲಿನಲ್ಲಿ ಹೊಳೆ ದಾಟುವ ರೈತನ ಭಾಷೆ ಎರಡೂ ದಂಡೆಗಳಲ್ಲಿ ಕನ್ನಡವೇ, ಬೀಗರೂ ಎರಡೂ ಕಡೆ. ಆದರೆ ಪೊಲೀಸರು ಬೇರೆ, ಕಾನೂನು ಬೇರೆ, ಭಯವೂ ಬೇರೆ.

ಗಡಿ ಭದ್ರತೆಯ ವಿಷಯದಲ್ಲಿ ರಾಜ್ಯಗಳು ಬಾಯಿ ತೆರೆಯಬಾರದು, ಅದೆಲ್ಲ ಕೇಂದ್ರದ ಸ್ವತ್ತು ಎಂದು ವಾದಿಸುವವರನ್ನು ಈ ದಂಡೆಗೆ ಕರೆತಂದು ನಿಲ್ಲಿಸಬೇಕೆಂದು ನಮಗೆ ಅನಿಸುತ್ತದೆ. ಏಕೆಂದರೆ ಗಡಿಯಲ್ಲಿ ಬಾಳುವುದೆಂದರೇನು ಎಂಬುದು ಪಂಜಾಬಿಗರಿಗೋ ಬಂಗಾಳಿಗಳಿಗೋ ಮಾತ್ರ ತಿಳಿದ ಸಂಗತಿಯಲ್ಲ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಯ ನಮ್ಮ ಹಿರಿಯರು ಅದನ್ನು ಉಂಡವರು.

1947ರ ನವೆಂಬರ್ 29ರಂದು ದಿಲ್ಲಿ ಮತ್ತು ಹೈದರಾಬಾದ್‌ಗಳ ನಡುವೆ ಯಥಾಸ್ಥಿತಿ ಒಪ್ಪಂದವಾಯಿತು. ಅದರಂತೆ ಸಂಸ್ಥಾನದ ಆಂತರಿಕ ಶಾಂತಿಪಾಲನೆಗಾಗಿ ಸೇನೆ ಕಳುಹಿಸುವ ಹಕ್ಕು ದಿಲ್ಲಿಗಿರಲಿಲ್ಲ. ಸಂಸ್ಥಾನದ ಸರಕಾರಕ್ಕೋ ಪ್ರಜೆಗಳನ್ನು ರಕ್ಷಿಸುವ ಮನಸ್ಸಿರಲಿಲ್ಲ. ಈ ತೆರಪಿನಲ್ಲಿ ಕಾಸಿಂ ರಜ್ವಿಯ ರಜಾಕಾರರು ಮೆರೆದರು. ಹಳ್ಳಿಗಳು ಸುಲಿಗೆಗೊಳಗಾದವು, ಜನರು ಗಡಿ ದಾಟಿ ಓಡಿದರು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ತಲೆಯೆತ್ತಿದವು. ಅಳವಂಡಿ ಶಿವಮೂರ್ತಿಸ್ವಾಮಿಯವರಂಥವರು ಅವುಗಳನ್ನು ಮುನ್ನಡೆಸಿದರು. ರಜಾಕಾರರು ಮಾಡಿದ್ದು ಅಪರಾಧ. ಅದನ್ನು ಹೇಳಲು ನಮಗೆ ಯಾವ ಮುಜುಗರವೂ ಇಲ್ಲ, ಇರಲೂಬಾರದು. ಸಮುದಾಯದ ಹೆಸರಿನಲ್ಲಿ ಲಾಠಿ ಹಿಡಿದವನು ಮೊದಲು ಹೊಡೆಯುವುದು ಸಮುದಾಯದ ಬುಡಕ್ಕೇ. ರಜ್ವಿ 1957ರಲ್ಲಿ ಸೆರೆಯಿಂದ ಬಿಡುಗಡೆಗೊಂಡು ಪಾಕಿಸ್ತಾನಕ್ಕೆ ಹೊರಟುಹೋದ. ಅವನ ಭಾಷಣಗಳ ಬೆಲೆ ತೆತ್ತವರು ಇಲ್ಲಿಯೇ ಉಳಿದ ಬಡ ರೈತರು, ಕೂಲಿಗಳು, ಸಣ್ಣ ವ್ಯಾಪಾರಿಗಳು.

ಆ ಬೆಲೆ ಎಷ್ಟೆಂಬುದು ದಾಖಲೆಯಲ್ಲಿದೆ. 1948ರ ಸೆಪ್ಟೆಂಬರ್ 13ರಿಂದ 17ರ ತನಕ ನಡೆದ ಸೇನಾ ಕಾರ್ಯಾಚರಣೆಗೆ 'ಪೊಲೀಸ್ ಕಾರ್ಯಾಚರಣೆ' ಎಂದು ಹೆಸರಿಡಲಾಯಿತು. ಆನಂತರದ ಹಿಂಸೆಯ ಕುರಿತು ತಿಳಿಯಲು ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ನೇತೃತ್ವದ ತಂಡವು, ಕನಿಷ್ಠ ಅಂದಾಜಿನಂತೆ 27 ಸಾವಿರದಿಂದ 40 ಸಾವಿರ ಮಂದಿ ಹತರಾದರೆಂದು ವರದಿ ಮಾಡಿತು. ಗುಲ್ಬರ್ಗ, ಬೀದರ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳು ಅತಿ ಹೆಚ್ಚು ನಲುಗಿದವೆಂದಿತು. ಕೆಲವೆಡೆ ಸಮವಸ್ತ್ರಧಾರಿಗಳೇ ಲೂಟಿಗೆ ಪ್ರಚೋದನೆ ನೀಡಿದರೆಂದೂ ಬರೆಯಿತು. ಆ ವರದಿ ಕಡತಗಳೊಳಗೆ ಹೂತುಹೋಯಿತು. ಸಾರ್ವಜನಿಕರ ಗಮನಕ್ಕೆ ಅದು ವ್ಯಾಪಕವಾಗಿ ಬಂದದ್ದು 2013ರ ಹೊತ್ತಿಗೆ. ಹೈದರಾಬಾದ್ ಭಾರತದಲ್ಲಿ ವಿಲೀನವಾದದ್ದು ಸರಿಯಾದ ಕಾರ್ಯ. ಆದರೆ ದೂರದ ದೊರೆಗೆ ಮಾತ್ರ ಉತ್ತರದಾಯಿಯಾದ ಶಸ್ತ್ರಬಲದ ಬಗ್ಗೆ ಸ್ಥಳೀಯ ಪ್ರಜೆ ದೂರು ಹೇಳಿದರೆ ಆ ದೂರು ಎಲ್ಲಿಗೆ ತಲಪುತ್ತದೆ? ಆರು ದಶಕ ಕಪಾಟಿನಲ್ಲಿ ಮಲಗಿದ ವರದಿಯೇ ಅದಕ್ಕೆ ಉತ್ತರ.

ಈಗ 2021ಕ್ಕೆ ಬರೋಣ. ಆ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಪಂಜಾಬ್, ಪಶ್ಚಿಮ ಬಂಗಾಳ ಮತ್ತು ಅಸ್ಸಾಮ್‌ಗಳಲ್ಲಿ ಗಡಿಯಿಂದ 15 ಕಿಲೋಮೀಟರ್ ತನಕವಿದ್ದ ಗಡಿ ಭದ್ರತಾ ಪಡೆಯ ಶೋಧ, ವಶ ಮತ್ತು ಬಂಧನದ ವ್ಯಾಪ್ತಿ 50 ಕಿಲೋಮೀಟರ್‌ಗೆ ಏರಿತು. ಗುಜರಾತಿನಲ್ಲಿ ಅದೇ ವ್ಯಾಪ್ತಿ 80ರಿಂದ 50ಕ್ಕೆ ಇಳಿಯಿತು. ಸಂಸತ್ತಿನಲ್ಲಿ ಚರ್ಚೆಯಿಲ್ಲ, ಹೊಸ ಮಸೂದೆಯಿಲ್ಲ. 1968ರ ಕಾಯ್ದೆಯ 139ನೇ ವಿಧಿಯ ಒಂದು ಅಧಿಸೂಚನೆ ಸಾಕಾಯಿತು. ಅದೇ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಬಂಗಾಳದ ವಿಧಾನಸಭೆಗಳು ಇದರ ವಿರುದ್ಧ ನಿರ್ಣಯ ಅಂಗೀಕರಿಸಿದವು. ಪಂಜಾಬ್ 131ನೇ ಅನುಚ್ಛೇದದಡಿ ಸುಪ್ರೀಂ ಕೋರ್ಟಿಗೆ ಹೋಯಿತು.

ಐವತ್ತು ಕಿಲೋಮೀಟರ್ ಎಂದರೆ ಎಷ್ಟು? ಹನುಮನಹಳ್ಳಿಯ ದಂಡೆಯಲ್ಲಿ ನಿಂತು ಹಿಂದಿನ ಆ ಗಡಿಗೆ ಇದೇ ಅಳತೆಗೋಲನ್ನು ಹಿಡಿದು ನೋಡಿ. ಗಂಗಾವತಿ ಪೇಟೆ, ಮುನಿರಾಬಾದಿನ ಅಣೆಕಟ್ಟು, ಕೊಪ್ಪಳ ನಗರ ಎಲ್ಲವೂ ಅದರೊಳಗೆ ಬೀಳುತ್ತವೆ. ಅದು ಗಡಿಯಲ್ಲ, ಒಂದು ಜಿಲ್ಲೆ. ಪಂಜಾಬಿನಂಥ ಕಿರಿದಾದ ರಾಜ್ಯದಲ್ಲಿ ಅಮೃತಸರ, ಗುರುದಾಸಪುರ, ಫಿರೋಜ್‌ಪುರಗಳಂತಹ ಊರುಗಳೇ ಇಡಿಯಾಗಿ ಈ ಪಟ್ಟಿಯೊಳಗೆ ಬರುತ್ತವೆ.

ಡ್ರೋನ್ ಮೂಲಕ ಮಾದಕ ವಸ್ತು ಮತ್ತು ಶಸ್ತ್ರ ಬರುತ್ತಿದೆ, ಅದನ್ನು ತಡೆಯಬೇಡವೇ ಎಂದು ಕೇಳುತ್ತಾರೆ. ತಡೆಯಲೇಬೇಕು. ಮಾದಕ ವಸ್ತು ಪಂಜಾಬಿನ ಒಂದು ತಲೆಮಾರನ್ನೇ ತಿಂದಿದೆ ಎಂಬುದನ್ನು ನಾವು ಲಘುವಾಗಿ ಕಾಣುವುದಿಲ್ಲ. ಪಡೆಯು ಬಂಧಿತರನ್ನು ರಾಜ್ಯ ಪೊಲೀಸರಿಗೇ ಒಪ್ಪಿಸಬೇಕು, ಪೊಲೀಸರ ಅಧಿಕಾರವೇನೂ ಕಡಿಮೆಯಾಗಿಲ್ಲ ಎಂಬ ವಾದವೂ ಇದೆ. ಆದರೆ ಇಲ್ಲಿ ಪ್ರಶ್ನೆಯಿರುವುದು ಅಧಿಕಾರದ್ದಲ್ಲ, ಉತ್ತರದಾಯಿತ್ವದ್ದು. ಗಂಗಾವತಿ ಠಾಣೆಯ ಪೊಲೀಸನೊಬ್ಬ ಅನ್ಯಾಯವಾಗಿ ಬಾಗಿಲು ಮುರಿದರೆ ನಮ್ಮ ಶಾಸಕ ವಿಧಾನಸೌಧದಲ್ಲಿ ಎದ್ದು ಕೇಳಬಹುದು, ಗೃಹಮಂತ್ರಿ ಉತ್ತರಿಸಬೇಕು, ರಾಜ್ಯ ಮಾನವ ಹಕ್ಕು ಆಯೋಗ ನೋಟಿಸು ನೀಡಬಹುದು. ಕೇಂದ್ರದ ಸಶಸ್ತ್ರ ಪಡೆಯ ಮಟ್ಟಿಗೆ ಹಾಗಿಲ್ಲ. 1993ರ ಮಾನವ ಹಕ್ಕು ಸಂರಕ್ಷಣಾ ಕಾಯ್ದೆಯ 19ನೇ ವಿಧಿಯಂತೆ ರಾಷ್ಟ್ರೀಯ ಆಯೋಗ ಕೂಡ ಮಾಡಬಹುದಾದದ್ದು ಇಷ್ಟೇ: ಕೇಂದ್ರ ಸರಕಾರದಿಂದ ವರದಿ ಕೇಳುವುದು, ಬಳಿಕ ಶಿಫಾರಸು ಮಾಡುವುದು. ಅಂದರೆ 35 ಕಿಲೋಮೀಟರ್ ಹೆಚ್ಚುವರಿ ನೆಲದಲ್ಲಿ ವಾಸಿಸುವ ಪೌರನ ಮನೆಬಾಗಿಲಿಗೆ ಹೊಸ ಅಧಿಕಾರ ಬಂತು. ಅದರ ಬೆನ್ನಿಗೆ ಬರಬೇಕಾದ ಪ್ರಶ್ನಿಸುವ ಹಕ್ಕು ಬರಲಿಲ್ಲ.

ರಾಜ್ಯ ಪೊಲೀಸರೇನು ದೇವತೆಗಳೇ? ಖಂಡಿತ ಅಲ್ಲ. ರಾಜ್ಯ ಪೊಲೀಸರು ಹಿಡಿದೊಯ್ದು, ಯೌವನವೆಲ್ಲ ಸೆರೆಯಲ್ಲಿ ಕಳೆದ ಮೇಲೆ ನ್ಯಾಯಾಲಯ ನಿರ್ದೋಷಿಗಳೆಂದ ಯುವಕರ ತಾಯಂದಿರನ್ನು ನಾವು ಬಲ್ಲೆವು. ರಾಜ್ಯ ಸರಕಾರಗಳನ್ನು ಸಮರ್ಥಿಸಲು ನಾವಿಲ್ಲಿ ಕುಳಿತಿಲ್ಲ. ಆದರೆ ಹತ್ತಿರದ ತಪ್ಪಿತಸ್ಥನ ಕೊರಳಪಟ್ಟಿ ಹಿಡಿಯಲು ಒಂದು ಮತಪತ್ರವಾದರೂ ಇದೆ.

ಈ ವಿಷಯದಲ್ಲಿ ಪಕ್ಷಗಳ ನಾಲಿಗೆ ಅಧಿಕಾರದೊಂದಿಗೆ ಹೊರಳುವುದನ್ನು ನೋಡಿದರೆ ನಗು ಬರುತ್ತದೆ. ಈ ಪಡೆಗೆ ದೇಶದ ಯಾವುದೇ ಭಾಗದಲ್ಲಿ ಇಂತಹ ಅಧಿಕಾರ ಕೊಡುವ ತಿದ್ದುಪಡಿ ಮಸೂದೆಯನ್ನು 2011ರಲ್ಲಿ ತಂದದ್ದು ಯುಪಿಎ ಸರಕಾರ. 2012ರಲ್ಲಿ ಪ್ರಧಾನಿ ಮನಮೋಹನ ಸಿಂಗರಿಗೆ ಪತ್ರ ಬರೆದು, ಇದು ರಾಜ್ಯದೊಳಗೊಂದು ರಾಜ್ಯವನ್ನು ಸೃಷ್ಟಿಸುವ ಯತ್ನವೆಂದು ಗುಡುಗಿದವರು ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿ. ಮಸೂದೆ ಕಾಯ್ದೆಯಾಗಲಿಲ್ಲ. 2021ರ ಅಧಿಸೂಚನೆಗೆ ಕಾರಣವಾದದ್ದು ಅದೇ ಮೋದಿಯವರ ಸರಕಾರ, ವಿರೋಧಿಸಿದ್ದು ಪಂಜಾಬಿನ ಅಂದಿನ ಕಾಂಗ್ರೆಸ್ ಸರಕಾರ. ಒಕ್ಕೂಟ ತತ್ವವೆಂಬುದು ಇವರಿಗೆ ವಿರೋಧ ಪಕ್ಷದಲ್ಲಿ ಕೂತಾಗ ಹೊದ್ದುಕೊಳ್ಳುವ ಕಂಬಳಿ.

ನಮಗೇಕೆ ಈ ಉಸಾಬರಿ, ಕರ್ನಾಟಕಕ್ಕೆ ಅಂತಾರಾಷ್ಟ್ರೀಯ ನೆಲಗಡಿಯೇ ಇಲ್ಲವಲ್ಲ ಎನ್ನುವ ಕನ್ನಡಿಗರಿದ್ದಾರೆ. ಅವರು 2025ರ ಬೇಸಗೆಯನ್ನು ನೆನಪಿಸಿಕೊಳ್ಳಲಿ. ಬಾಂಗ್ಲಾದೇಶಿ ಮತ್ತು ಮ್ಯಾನ್ಮಾರ್ ಮೂಲದವರೆಂದು ಶಂಕಿತರಾದವರ ದಾಖಲೆಗಳನ್ನು 30 ದಿನಗಳೊಳಗೆ ಪರಿಶೀಲಿಸುವಂತೆ ಕೇಂದ್ರವು ರಾಜ್ಯಗಳಿಗೆ ಸೂಚಿಸಿತು. ಗಡಿ ದೂರದ ಊರುಗಳಿಗೂ ನಡೆದು ಬಂತು. ಬಂಗಾಳಿ ಮಾತಾಡುವ ಕೂಲಿಯಾಳಿನ ನಾಲಿಗೆಯೇ ಗಡಿಗಲ್ಲಾಯಿತು. ದಿಲ್ಲಿಯಲ್ಲಿ ಹಿಡಿದು ಗಡಿಯಾಚೆ ತಳ್ಳಲಾದ ಬಂಗಾಳದ ಗರ್ಭಿಣಿಯೊಬ್ಬಳನ್ನು, ವಿಷಯ ಸುಪ್ರೀಂ ಕೋರ್ಟಿಗೆ ಹೋದ ನಂತರ, ಡಿಸೆಂಬರ್‌ನಲ್ಲಿ ಮರಳಿ ಕರೆತರಬೇಕಾಯಿತು. ನಮ್ಮ ಪಕ್ಕದ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಅರ್ಧ ಶತಮಾನದಿಂದ ಬೇಸಾಯ ಮಾಡಿಕೊಂಡಿವೆ. ಅವರು ಯಾರೆಂದು ರಾಯಚೂರಿನ ಅಧಿಕಾರಿಗೆ ತಿಳಿದಿರುವಷ್ಟು ದಿಲ್ಲಿಯ ಮೇಜಿಗೆ ತಿಳಿಯಲು ಸಾಧ್ಯವೇ?

ಭದ್ರತೆಗೆ ಕೇಂದ್ರ-ರಾಜ್ಯಗಳು ಕೂಡಿ ದುಡಿಯುವುದು ಅಸಾಧ್ಯವೇನೂ ಅಲ್ಲ. ನಮ್ಮದೇ 320 ಕಿಲೋಮೀಟರ್ ಕರಾವಳಿಯಲ್ಲಿ ಆಳಸಮುದ್ರವನ್ನು ಕೋಸ್ಟ್ ಗಾರ್ಡ್ ನೋಡಿಕೊಂಡರೆ ದಡವನ್ನು ರಾಜ್ಯದ ಕರಾವಳಿ ಕಾವಲು ಪೊಲೀಸರು ನೋಡಿಕೊಳ್ಳುತ್ತಾರೆ, ಅಪರಿಚಿತ ದೋಣಿ ಕಂಡರೆ ಮೊದಲು ಸುದ್ದಿ ಕೊಡಬಲ್ಲವನು ಮೊಗವೀರ. ಅವನನ್ನೇ ಶಂಕಿತನನ್ನಾಗಿಸಿದ ದಿನ ಆ ಸುದ್ದಿ ಬರುವುದು ನಿಲ್ಲುತ್ತದೆ. ತುಂಗಭದ್ರೆಯಲ್ಲೂ ಅಷ್ಟೇ. 1945ರ ಫೆಬ್ರವರಿ 28ರಂದು, ಗಡಿ ಇನ್ನೂ ಗಡಿಯಾಗಿದ್ದಾಗಲೇ, ಹೈದರಾಬಾದ್ ಮತ್ತು ಮದ್ರಾಸ್‌ಗಳು ಎರಡೂ ದಂಡೆಗಳಲ್ಲಿ ಅಣೆಕಟ್ಟಿಗೆ ಅಡಿಗಲ್ಲಿಟ್ಟವು. ಗಂಗಾವತಿಯ ಭತ್ತ ಬೆಳೆಯುವುದು ಆ ಸಮಾಲೋಚನೆಯ ನೀರಿನಿಂದ.

ಕನ್ನಡ ಅಸ್ಮಿತೆಯ ವಕ್ತಾರರಿಗೂ ಒಂದು ಮಾತು. ಆಂಜನೇಯ ಹುಟ್ಟಿದ್ದು ನಮ್ಮ ಅಂಜನಾದ್ರಿಯಲ್ಲೋ ತಿರುಮಲದಲ್ಲೋ ಎಂದು 2021ರಲ್ಲಿ ಟಿಟಿಡಿಯೊಂದಿಗೆ ಜಗಳಕ್ಕೆ ನಿಂತವರು, ಅದೇ ವರ್ಷ ರಾಜ್ಯಗಳ ಪೊಲೀಸ್ ಅಧಿಕಾರಕ್ಕೆ ಕತ್ತರಿ ಬಿದ್ದಾಗ ತುಟಿ ಬಿಚ್ಚಲಿಲ್ಲ. 1989ರಲ್ಲಿ ವಜಾಗೊಂಡ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲೇ 1994ರಲ್ಲಿ ಸುಪ್ರೀಂ ಕೋರ್ಟು ಒಕ್ಕೂಟ ವ್ಯವಸ್ಥೆಯನ್ನು ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿಸಿತು. ಆ ತೀರ್ಪಿನ ನಾಡಿನವರಿಗೆ ಈ ಮೌನ ಒಪ್ಪುವುದಿಲ್ಲ.

ನಮ್ಮ ಸಮುದಾಯದವರಾದರೋ ಇದನ್ನು ಪಂಜಾಬಿನ ಸಿಖ್ಖರ, ಬಂಗಾಳದ ಮಮತಾರ ಜಗಳವೆಂದು ಬದಿಗೆ ಸರಿಸಿದ್ದಾರೆ. ಹೆಸರು ಕೇಳಿದೊಡನೆ ದಾಖಲೆ ಕೇಳಲ್ಪಡುವವರು ನಾವೇ ಎಂಬುದು ತಿಳಿದಿದ್ದೂ ಈ ಉದಾಸೀನ! ಮನೆಯ ಪಹಣಿ, ಜನನ ಪತ್ರಗಳನ್ನು ಸರಿಪಡಿಸಿಕೊಳ್ಳುವುದು ಒಂದು ಕೆಲಸ. ರಾಜ್ಯಗಳನ್ನು ಕೇಳದೆ ಇಂತಹ ಅಧಿಸೂಚನೆ ಹೊರಡಿಸಕೂಡದೆಂದು ಕರ್ನಾಟಕದ ವಿಧಾನಮಂಡಲವೂ ನಿರ್ಣಯ ಮಾಡಲಿ ಎಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಶಾಸಕರ ಮುಂದೆ ಮನವಿ ಇಡುವುದು ಇನ್ನೊಂದು. ಮೊದಲನೆಯದಕ್ಕೆ ಸಾಲುಗಟ್ಟಿ ನಿಂತವರು ಎರಡನೆಯದಕ್ಕೂ ಬರಬೇಕು, ಹೊಳೆಯ ಎರಡೂ ದಂಡೆಯ ಹಿಂದೂ ರೈತರನ್ನು ಜೊತೆಗೆ ಕರೆದುಕೊಂಡು.