ಸಾಫ್ಟ್‌ವೇರ್‌ಗೂ ಬಾಡಿಗೆ: ಸ್ಟುಡಿಯೊದವರ ಗೋಳು ಕೇಳುವವರಾರು?

ರಾಯಕೋಟೆ: ಟೊಮೇಟೊ ಮಂಡಿಯಲ್ಲಿ ಬೆಲೆ ಬಿದ್ದರೆ ಊರೆಲ್ಲ ಮಾತಾಡುತ್ತದೆ. ಆದರೆ ಬಸ್ ನಿಲ್ದಾಣದ ಆಸುಪಾಸಿನ ಸಣ್ಣ ಸ್ಟುಡಿಯೊಗಳಲ್ಲಿ ಮದುವೆ, ನಾಮಕರಣ, ಊರಹಬ್ಬಗಳ ವಿಡಿಯೊ ಕತ್ತರಿಸಿ ಜೋಡಿಸುವವರ ಕಷ್ಟ ಯಾರ ಕಿವಿಗೂ ಬೀಳುವುದಿಲ್ಲ. ಅವರ ಈಗಿನ ತಲೆನೋವಿನ ಹೆಸರು 'ಅಪ್‌ಗ್ರೇಡ್'.

ಪರಿಚಯದ ಸ್ಟುಡಿಯೊ ಮಾಲೀಕರೊಬ್ಬರು ಮೊನ್ನೆ ಹೇಳಿದ್ದು ಇಷ್ಟು: "ಸಾರ್, ಅಂದು ಕಾಸು ಕೊಟ್ಟು ಡಬ್ಬಿ ಸಮೇತ ತಂದೆ. ಈಗ ಕಂಪ್ಯೂಟರ್ ಕೆಟ್ಟಿತು, ಹೊಸದು ತಂದೆ. ಹಳೇ ಸಾಫ್ಟ್‌ವೇರ್ ಇದರಲ್ಲಿ ಕೂರುವುದಿಲ್ಲ. ಹೊಸದು ಕೊಳ್ಳೋಣ ಅಂದರೆ ಮಾರುವುದೇ ಇಲ್ಲ, ತಿಂಗಳ ಬಾಡಿಗೆ ಮಾತ್ರ ಅಂತಾರೆ. ನಮಗೆ ತಿಂಗಳು ತಿಂಗಳು ಮದುವೆ ಇರುತ್ತಾ?"

ಪ್ರಶ್ನೆ ಸರಿಯಾಗಿಯೇ ಇದೆ. ಕನ್ನಡದವರಿಗೆ ಆಷಾಢ, ತಮಿಳರಿಗೆ ಆಡಿ. ಆಮೇಲೆ ನಮಗೆ ಧನುರ್ಮಾಸ, ಅವರಿಗೆ ಮಾರ್ಗಳಿ. ಆ ತಿಂಗಳುಗಳಲ್ಲಿ ಓಲಗವೂ ಇಲ್ಲ, ಕ್ಯಾಮೆರಾವೂ ಇಲ್ಲ. ಬಾಡಿಗೆ ಮಾತ್ರ ನಿಲ್ಲುವುದಿಲ್ಲ!

ಇದು ಶುರುವಾದದ್ದು ಹೇಗೆ?

ಮೊದಲು ಸಾಫ್ಟ್‌ವೇರ್ ಎಂದರೆ ಕ್ರಯಕ್ಕೆ ಪಡೆದ ಹೊಲದಂತೆ. ಹೊಸ ಆವೃತ್ತಿ ಬಂದಾಗ ಹಳೇ ಗಿರಾಕಿಗೆ ಕಡಿಮೆ ಬೆಲೆ. ಬೇಡವೆಂದರೆ ಹಳೆಯದರಲ್ಲೇ ಕೆಲಸ. 2011ರ ಜೂನ್‌ನಲ್ಲಿ ಆ್ಯಪಲ್ ಕಂಪನಿ 'ಫೈನಲ್ ಕಟ್ ಪ್ರೊ ಎಕ್ಸ್' ಹೊರತಂದಾಗ ಬೆಲೆ 299 ಡಾಲರ್‌ಗೆ ಇಳಿದಿತ್ತು. ಆದರೆ ಹಿಂದಿನ ಆವೃತ್ತಿಯ ಪ್ರಾಜೆಕ್ಟುಗಳನ್ನು ಅದು ತೆರೆಯುತ್ತಿರಲಿಲ್ಲ. ವೃತ್ತಿಪರರು ಸಿಟ್ಟಿಗೆದ್ದರು.

2013ರ ಮೇ ತಿಂಗಳಲ್ಲಿ ಅಡೋಬಿ ಇನ್ನೊಂದು ಹೆಜ್ಜೆ ಇಟ್ಟಿತು. 2012ರಲ್ಲಿ ಬಂದ 'ಸಿಎಸ್6' ಕೊನೆಯದು, ಇನ್ನು ಪ್ರೀಮಿಯರ್ ಆಗಲಿ ಆಡಿಷನ್ ಆಗಲಿ ಹೊಸ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದಿತು. ಸಾವಿರಾರು ಮಂದಿ ಸಹಿ ಹಾಕಿ ವಿರೋಧಿಸಿದರು, ಕಂಪನಿ ಮಣಿಯಲಿಲ್ಲ. ಹೊಲ ಗುತ್ತಿಗೆಗೆ ತಿರುಗಿತು.

ಕಂಪನಿಗಳ ವಾದವನ್ನೂ ಕೇಳಬೇಕು. ಒಂದೇ ಸಲಕ್ಕೆ ದೊಡ್ಡ ಮೊತ್ತ ಹೊಂದಿಸಬೇಕಾಗಿಲ್ಲ, ಹೊಸ ಸೌಲಭ್ಯ ಕಾಯದೆ ಸಿಗುತ್ತದೆ ಎಂಬುದು ಸುಳ್ಳಲ್ಲ. ಕನ್ನಡದ ವಿಷಯದಲ್ಲಂತೂ ಇದು ನಿಜ. ಹಳೇ ಆವೃತ್ತಿಗಳಲ್ಲಿ ಯೂನಿಕೋಡ್ ಹಾಕಿದರೆ 'ಲಕ್ಷ್ಮಿ'ಯ ಒತ್ತುಗಳು ಚೆಲ್ಲಾಪಿಲ್ಲಿ. ತಮಿಳಿನ ಕೊಂಬು ಅಕ್ಷರದ ತಪ್ಪು ಕಡೆ ಕೂರುತ್ತಿತ್ತು. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಹೇಗೋ ಸುಧಾರಿಸಬೇಕಿತ್ತು. ಈಗಿನ ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೇ ಪ್ರತ್ಯೇಕ ಆಯ್ಕೆಯಿದೆ. ಲಗ್ನಪತ್ರಿಕೆಯನ್ನು ಎರಡು ಭಾಷೆಯಲ್ಲಿ ಅಚ್ಚು ಹಾಕಿಸುವ ನಮ್ಮ ಗಡಿನಾಡಿಗೆ ಇದು ಸಣ್ಣ ಮಾತಲ್ಲ.

ಆದರೆ ಗುತ್ತಿಗೆ ಬಿಟ್ಟ ದಿನವೇ ಹೊಲಕ್ಕೆ ಬೇಲಿ. ಮೂರು ವರ್ಷ ಕಳೆದು ಗಿರಾಕಿ ಬಂದು, "ಅಜ್ಜಿ ತೀರಿಕೊಂಡರು, ಮದುವೆ ವಿಡಿಯೊದಲ್ಲಿ ಅವರಿರುವ ಭಾಗ ಬೇರೆ ಮಾಡಿ ಕೊಡಿ" ಎಂದರೆ? ಚಂದಾ ಕಟ್ಟದಿದ್ದರೆ ತಾನೇ ಮಾಡಿದ ಪ್ರಾಜೆಕ್ಟನ್ನು ತಾನೇ ತೆರೆಯಲಾಗದು. ಅಸಲು ಸಿಟ್ಟು ಇರುವುದು ಇಲ್ಲಿ.

ಜೊತೆಗೆ ಕಂಪ್ಯೂಟರ್ ಕಾಟ ಬೇರೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಹಳೇ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಒಂದು ಅಪ್‌ಗ್ರೇಡ್ ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ.

ಹಾಗಾದರೆ ಕಾಪಿ ಸಿಡಿಯೇ ಗತಿಯೇ? ಬೇಡ. ಕದ್ದ ಪ್ರತಿಯೆಂದು ಗೊತ್ತಿದ್ದೂ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಜೈಲು ಮತ್ತು 50 ಸಾವಿರದಿಂದ 2 ಲಕ್ಷ ರೂ.ವರೆಗೆ ದಂಡವಿದೆ. ವೈರಸ್ ಹೊಕ್ಕು ಊರವರ ಮದುವೆಗಳೆಲ್ಲ ಅಳಿಸಿಹೋದರೆ ಉತ್ತರ ಕೊಡಬೇಕಾದವರೂ ನೀವೇ.

ಗಿರಾಕಿ ಕೂಗಿದರೆ ಆಗುವುದೇನು?

ಕೆಲವೊಮ್ಮೆ ಆಗುತ್ತದೆ. 2023ರ ಮಾರ್ಚ್ ಕೊನೆಯಲ್ಲಿ ಧ್ವನಿ ಸಂಸ್ಕರಣೆಯ ಇಸ್ರೇಲಿ ಕಂಪನಿ 'ವೇವ್ಸ್' ಇನ್ನು ಚಂದಾ ಮಾತ್ರ ಎಂದು ಸಾರಿತು. ಜಗತ್ತಿನ ಸಂಗೀತಗಾರರು ತಿರುಗಿಬಿದ್ದರು. ಕೆಲವೇ ದಿನಗಳಲ್ಲಿ ಕ್ರಯದ ಲೈಸೆನ್ಸ್ ಮರಳಿ ಬಂತು. 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರವೇ ಅಡೋಬಿ ವಿರುದ್ಧ ದಾವೆ ಹೂಡಿತು. ವಾರ್ಷಿಕ ಕರಾರನ್ನು ನಡುವೆ ಮುರಿದರೆ ಬೀಳುವ ಶುಲ್ಕವನ್ನು ಸರಿಯಾಗಿ ತಿಳಿಸಿಲ್ಲ ಎಂಬುದು ಅದರ ಆರೋಪ.

ನಮ್ಮಲ್ಲೂ ದಾರಿಯಿದೆ. ವ್ಯಾಪಾರಕ್ಕೆ ಕೊಂಡವನು 'ಗ್ರಾಹಕ'ನಲ್ಲ ಎಂದು ಕೆಲವರು ಹೆದರಿಸುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡವನೂ ಗ್ರಾಹಕನೇ. ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಊರಿಗೆ ಅಲೆಯಬೇಕಿಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಮುನ್ನ 24 ಗಂಟೆ ಮೊದಲೇ ಸಂದೇಶ ಬರಬೇಕೆಂಬುದು ರಿಸರ್ವ್ ಬ್ಯಾಂಕ್ ನಿಯಮ. ಅದನ್ನು ಓದದೆ ಅಳಿಸಬೇಡಿ. ಕಡಿತ ನಿಲ್ಲಿಸಿದ ಮಾತ್ರಕ್ಕೆ ವರ್ಷದ ಕರಾರು ಮುಗಿಯಿತೆಂದೂ ತಿಳಿಯಬೇಡಿ.

ಕಾಸಿಲ್ಲದೆ ಸಿಗುವವೂ ಇವೆ: ಧ್ವನಿಗೆ ಆಡಾಸಿಟಿ, ವಿಡಿಯೊಗೆ ಕೆಡೆನ್‌ಲೈವ್, ಶಾಟ್‌ಕಟ್. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬಲವಾದದ್ದು, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಡುತ್ತದೆ. ಆಷಾಢದ ಬಿಡುವಿನಲ್ಲಿ ಒಂದು ಹಳೇ ಮದುವೆಯನ್ನು ಅದರಲ್ಲಿ ಜೋಡಿಸಿ ನೋಡಿ. ಕನ್ನಡ, ತಮಿಳು ಹೆಸರುಗಳನ್ನು ಬರೆದು ನೋಡಿ. ಸರಿಹೋದರೆ ಆಮೇಲೆ ಬದಲಾಯಿಸಿ.

ಯಾವುದನ್ನೇ ಬಳಸಿ, ಪ್ರಾಜೆಕ್ಟ್ ಫೈಲನ್ನು ಮಾತ್ರ ನಂಬಿ ಕೂರಬೇಡಿ. ಮುಗಿದ ವಿಡಿಯೊದ ಪೂರ್ಣ ಗುಣಮಟ್ಟದ ಪ್ರತಿ, ಜೊತೆಗೆ ಕ್ಯಾಮೆರಾದ ಮೂಲ ಚಿತ್ರಗಳು ಎರಡು ಹಾರ್ಡ್‌ಡಿಸ್ಕಿನಲ್ಲಿರಲಿ. ಸಾಫ್ಟ್‌ವೇರ್ ಬಾಡಿಗೆಯದಾಗಬಹುದು, ಊರವರ ನೆನಪುಗಳು ಬಾಡಿಗೆಯವಲ್ಲ.