ಗಾಳಿ ಇಳಿಸಿದರೆ ಲಾರಿ ಏರೀತೆ?

ಹಿಮಾಯತ್‌ನಗರದ ನಮ್ಮ ಬಳಗದಲ್ಲಿ ಸೇಡಂ, ಚಿತ್ತಾಪುರದ ಕಡೆ ಹೊಲವುಳ್ಳವರು ಕೆಲವರುಂಟು. ಅಕಾಲದ ಮಳೆಗೆ ಎರೆಹೊಲ ನೆನೆದು, ತೊಗರಿ ಹೇರಿದ ಲಾರಿ ಹೂತಿತೆನ್ನಿ. ಡ್ರೈವರು ಗಾಲಿಯ ಗಾಳಿ ಬಿಡಲು ಕುಳಿತರೆ ನಾವು ಗಾಬರಿಯಾಗುತ್ತೇವೆ. ಅವನ ಲೆಕ್ಕ ಮಾತ್ರ ಸರಿಯೇ. ಕೆಸರಿನಲ್ಲಿ ಹಿಮ್ಮಡಿ ಊರಿದರೆ ಹೂಳುತ್ತದೆ, ಇಡೀ ಅಂಗಾಲು ಊರಿದರೆ ಅಷ್ಟು ಹೂಳದು. 100 ಪೌಂಡು ಗಾಳಿಯ ಟಯರನ್ನು 70ರ ಸುಮಾರಿಗೆ ಇಳಿಸಿದರೆ ಅದು ಉದ್ದಕ್ಕೆ ಹರಡಿಕೊಂಡು, ಅದೇ ಭಾರವನ್ನು ಹೆಚ್ಚು ನೆಲಕ್ಕೆ ಹಂಚುತ್ತದೆ. 1944ರಲ್ಲಿ ನಾರ್ಮಂಡಿಯ ಮರಳುದಂಡೆ ಏರಿದ ಅಮೆರಿಕದ ‘ಡಕ್’ ಲಾರಿಗಳಲ್ಲಿ ಡ್ರೈವರು ಕುಳಿತಲ್ಲಿಂದಲೇ ಗಾಳಿ ಏರಿಸಿ ಇಳಿಸುವ ಏರ್ಪಾಡಿತ್ತು.

ಆದರೆ ನಮ್ಮ ಎರೆ ಮರಳಲ್ಲ, ಮಹಾ ಜಿಗುಟು! ಟಯರಿನ ಗೀರುಗಳಲ್ಲಿ ಮೆತ್ತಿಕೊಂಡು ಹಿಡಿತ ತಪ್ಪಿಸುತ್ತದೆ. ಅಚ್ಚಿನವರೆಗೆ ಹೂತ ಮೇಲೆ ಗಾಳಿ ಬಿಟ್ಟು ಫಲವಿಲ್ಲ, ಗುದ್ದಲಿಯೇ ಗತಿ. ಆದ್ದರಿಂದ ಹೊಲಕ್ಕಿಳಿಯುವ ಮೊದಲೇ ಗಾಳಿ ಇಳಿಸುವುದು ಜಾಣತನ. ಹಿಂದಿನ ಜೋಡಿಗಾಲಿಗಳು ಉಬ್ಬಿ ಒಂದಕ್ಕೊಂದು ಉಜ್ಜುವಷ್ಟು ಮಾತ್ರ ಇಳಿಸಬಾರದು. ಅದೇ ಮೆತ್ತನೆಯ ಟಯರಿನಲ್ಲಿ ತಾಂಡೂರಿನ ಡಾಂಬರು ರಸ್ತೆ ಹಿಡಿದು ಓಡಿಸಿದರೆ ಕಾದು ಸಿಡಿದೀತು. ಟಯರಿನ ಬೆಲೆ ತೊಗರಿಯ ಲಾಭವನ್ನೇ ನುಂಗೀತು. ಗಾಳಿ ಬಿಡುವ ಮುನ್ನ, ಮತ್ತೆ ತುಂಬಲು ಪಂಪು ಲಾರಿಯಲ್ಲಿದೆಯೆ ಎಂದು ಕೇಳಿಕೊಳ್ಳಿ.